ಹುಬ್ಬಳ್ಳಿ-ಧಾರವಾಡದಿಂದ ಜರ್ಮನಿಗೆ ಮೊದಲ ಸೆಮಿಸ್ಟರ್: ಒಬ್ಬರೇ ಎತ್ತುವಷ್ಟು ಬ್ಯಾಗ್ ಕಟ್ಟುವುದು ಹೇಗೆ?

ನಮ್ಮ ಕಾಕಾನ ಮಗ ಈ ಅಕ್ಟೋಬರ್‌ಗೆ ಜರ್ಮನಿಗೆ ಓದಲು ಹೊರಟಿದ್ದಾನೆ. ಧಾರವಾಡದಲ್ಲಿ ಅವರ ಮನೆಯ ಪಡಸಾಲೆಯಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಕೂತಿವೆ. ಮನೆಗೆ ಬಂದವರೆಲ್ಲ ಒಂದೊಂದು ಡಬ್ಬಿ ತಂದು ಅದರೊಳಗೆ ಇಡುತ್ತಿದ್ದಾರೆ. 2018ರಲ್ಲಿ ನಾನು ಡ್ರೆಸ್ಡೆನ್‌ಗೆ ಹೊರಟಾಗಲೂ ಹೀಗೇ ಆಗಿತ್ತು. "ಇಷ್ಟರಾಗ ಏನ್ ಆಗತೈತಿ, ಇನ್ನೊಂದ್ ಡಬ್ಬಿ ಇಡು" ಅಂತ ಅವ್ವ, ಅತ್ತಿ, ಬಾಜೂಮನಿ ಅಕ್ಕ ಎಲ್ಲರೂ ಸೇರಿ ತುಂಬಿದ್ದರು. ಹುಬ್ಬಳ್ಳಿ ಸ್ಟೇಷನ್‌ನಲ್ಲಿ ಆ ಬ್ಯಾಗ್ ಎತ್ತಲು ಒಂಬತ್ತು ಮಂದಿ ಇದ್ದರು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ನಾನೊಬ್ಬಳೇ. ಮಧ್ಯೆ ರೈಲು ಬದಲಿಸಬೇಕಾದ ಒಂದು ಸ್ಟೇಷನ್‌ನಲ್ಲಿ ಲಿಫ್ಟ್ ಕೆಟ್ಟಿತ್ತು, ಹಮಾಲರು ಅಲ್ಲಿ ಇರುವುದೇ ಇಲ್ಲ, ಒಂದು ಬ್ಯಾಗ್ ಮೇಲೆ ಇಟ್ಟು ಇನ್ನೊಂದಕ್ಕೆ ಕೆಳಗೆ ಓಡುವಾಗ ಮೆಟ್ಟಿಲಿಗೆ ಬಡಿದು ಒಂದು ಚಕ್ರ ಮುರಿಯಿತು. ರೈಲೂ ತಪ್ಪಿತು.

ಅದಕ್ಕೇ ನಾನು ತಮ್ಮನಿಗೆ ಹೇಳಿದ್ದು ಒಂದೇ ಮಾತು. ಎರಡು ಮಹಡಿ ಮೆಟ್ಟಿಲನ್ನು ನೀನೊಬ್ಬನೇ ಹತ್ತಿಸಲು ಆಗದ ಬ್ಯಾಗ್ ನಿನ್ನ ಬ್ಯಾಗೇ ಅಲ್ಲ. ಕೆಳಗಿನದೆಲ್ಲ ಆ ಲೆಕ್ಕದ ಮೇಲೆಯೇ ಬರೆದಿದ್ದೇನೆ.

ಮೊದಲು ಟಿಕೆಟ್ ಓದಿ, ಆಮೇಲೆ ಬ್ಯಾಗ್ ಕೊಳ್ಳಿ

ಟಿಕೆಟ್‌ನಲ್ಲಿ ಎಷ್ಟು ಕೆಜಿ ಅನ್ನುವುದರ ಜೊತೆಗೆ ಎಷ್ಟು ಬ್ಯಾಗ್ ಅನ್ನುವುದನ್ನೂ ನೋಡಿ. ಕೆಲವು ಟಿಕೆಟ್‌ಗೆ 23 ಕೆಜಿಯ ಒಂದು ಬ್ಯಾಗ್, ಕೆಲವಕ್ಕೆ ಎರಡು. ಸ್ಟೂಡೆಂಟ್ ದರದ ಟಿಕೆಟ್‌ಗೆ ಎಷ್ಟೋ ಸಲ ಒಂದು ಬ್ಯಾಗ್ ಜಾಸ್ತಿ ಕೊಡುತ್ತಾರೆ, ಬುಕ್ ಮಾಡುವಾಗಲೇ ಕೇಳಿ. 23 ಕೆಜಿಯ ಎರಡು ಬ್ಯಾಗ್ ಅಂದರೆ ಒಂದರಲ್ಲಿ 28, ಇನ್ನೊಂದರಲ್ಲಿ 18 ಇಡಬಹುದು ಅಂತಲ್ಲ. ಒಂದೊಂದೂ 23ರ ಒಳಗೇ ಇರಬೇಕು. ಒಟ್ಟು ತೂಕದ ಲೆಕ್ಕದ ಟಿಕೆಟ್ ಆದರೂ ಒಂದು ಬ್ಯಾಗ್ 32 ಕೆಜಿ ದಾಟುವಂತಿಲ್ಲ.

ನಮ್ಮ ಕಡೆಯವರು ತಪ್ಪುವುದು ಇಲ್ಲೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೇರೆ ಟಿಕೆಟ್ ತೆಗೆದು ವಿಮಾನದಲ್ಲಿ ಹೋದರೆ ಅದು ದೇಶದೊಳಗಿನ ಪ್ರಯಾಣ. ಸಾಮಾನ್ಯ ಟಿಕೆಟ್‌ಗೆ 15 ಕೆಜಿ ಅಷ್ಟೇ. ನಿಮ್ಮ ಕೈಯಲ್ಲಿ 46 ಕೆಜಿ ಇರುತ್ತದೆ, ಉಳಿದ 31 ಕೆಜಿಗೆ ಅಲ್ಲೇ ಹಣ ಕಟ್ಟಬೇಕು. ಒಂದೇ ಟಿಕೆಟ್‌ನಲ್ಲಿ ಫ್ರಾಂಕ್‌ಫರ್ಟ್‌ವರೆಗೂ ಇದ್ದರೆ ಮಾತು ಬೇರೆ. ಇಲ್ಲವಾದರೆ ರೈಲೇ ಒಳ್ಳೆಯದು. ರಾತ್ರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ, ಹಗಲಿಗೆ 2023ರ ಜೂನ್‌ನಿಂದ ಧಾರವಾಡದ ವಂದೇ ಭಾರತ್ ಓಡುತ್ತಿದೆ. ಬೆಂಗಳೂರು ಸ್ಟೇಷನ್‌ನಿಂದ ದೇವನಹಳ್ಳಿ ಏರ್‌ಪೋರ್ಟ್ 35 ಕಿಲೋಮೀಟರ್‌ಗಿಂತ ದೂರ ಇದೆ, ಟ್ರಾಫಿಕ್ ನಿಮಗೇ ಗೊತ್ತು. ವಿಮಾನ ಹೊರಡುವ 3 ತಾಸು ಮೊದಲು ಒಳಗಿರಬೇಕು ಅನ್ನುವುದರಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ.

ಸೂಟ್‌ಕೇಸ್ ಆರಿಸುವಾಗ ಖಾಲಿ ಬ್ಯಾಗ್‌ನ ತೂಕ ಕೇಳಿ. ಖಾಲಿ ಇದ್ದಾಗಲೇ 5 ಕೆಜಿ ತೂಗುವುದು ಬೇಡ. ಚಕ್ರ, ಹಿಡಿಕೆ ಗಟ್ಟಿ ಇರಲಿ, ಬಣ್ಣ ನೋಡಬೇಡಿ. ಹುಬ್ಬಳ್ಳಿ ಸ್ಟೇಷನ್‌ನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಅನ್ನುತ್ತೇವಲ್ಲ, ಆ ಉದ್ದಕ್ಕೂ ತುಂಬಿದ ಬ್ಯಾಗ್ ಎಳೆದುಕೊಂಡು ಹೋಗಬಲ್ಲೆನಾ ಅಂತ ಕೇಳಿಕೊಳ್ಳಿ. ಜರ್ಮನಿಯ ಕಲ್ಲು ಹಾಸಿದ ಹಳೇ ರಸ್ತೆಗಳಲ್ಲಿ ಎಳೆಯುವುದು ಇದಕ್ಕಿಂತ ಕಷ್ಟ.

ಕಾಗದಪತ್ರ: ಇದು ಕೈಬಿಟ್ಟು ಹೋಗಲೇಬಾರದು

ಒಂದು ಫೈಲ್ ಮಾಡಿ. ಅದು ನಿಮ್ಮ ಜೊತೆ ವಿಮಾನದ ಒಳಗೆ, ಬೆನ್ನಿನ ಬ್ಯಾಗ್‌ನಲ್ಲೇ ಇರಬೇಕು. ಸೂಟ್‌ಕೇಸ್ ಕಳೆದರೆ ಬಟ್ಟೆ ಮತ್ತೆ ಸಿಗುತ್ತದೆ, ಮೂಲ ಪ್ರಮಾಣಪತ್ರ ಮತ್ತೆ ಪಡೆಯಬೇಕಾದರೆ ತಿಂಗಳುಗಟ್ಟಲೆ ಓಡಾಡಬೇಕು. ಅಲ್ಲಿ ಇಳಿದಾಗ ಪಾಸ್‌ಪೋರ್ಟ್ ನೋಡುವ ಅಧಿಕಾರಿ ವೀಸಾ ಜೊತೆಗೆ ಅಡ್ಮಿಷನ್ ಪತ್ರ, ಹಣದ ಪುರಾವೆ ಕೇಳಬಹುದು, ಆಗ "ಅದು ಲಗೇಜ್‌ನಲ್ಲಿದೆ" ಅನ್ನಲು ಬರುವುದಿಲ್ಲ.

ಫೈಲ್‌ನಲ್ಲಿ ಏನಿರಬೇಕು ಅಂದರೆ, ಪಾಸ್‌ಪೋರ್ಟ್, ವೀಸಾ, ಅಡ್ಮಿಷನ್ ಪತ್ರ, ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ, 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಬೇಕೇ ಬೇಕು), ಬ್ಲಾಕ್ಡ್ ಅಕೌಂಟ್‌ನ (ವರ್ಷದ ಖರ್ಚಿನ ಹಣ ಮೊದಲೇ ಇಟ್ಟು, ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆ) ಪತ್ರ, ವಿಮೆಯ ಪತ್ರಗಳು, ಹತ್ತನೇ ಮತ್ತು ಪಿಯುಸಿ ಅಂಕಪಟ್ಟಿ, ಡಿಗ್ರಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಭಾಷಾ ಪರೀಕ್ಷೆಯ ಫಲಿತಾಂಶ, ಜನನ ಪ್ರಮಾಣಪತ್ರ, ಲಸಿಕೆಯ ದಾಖಲೆ, ರೂಮಿನ ಒಪ್ಪಂದ. ಜೊತೆಗೆ 35 x 45 ಮಿಲಿಮೀಟರ್ ಅಳತೆಯ ಫೋಟೊ ಒಂದು ಡಜನ್ ಮಾಡಿಸಿ. ಇಲ್ಲಿ ಸ್ಟುಡಿಯೋದಲ್ಲಿ ಅಗ್ಗ, ಅಲ್ಲಿ ದುಬಾರಿ. ಬ್ಲಾಕ್ಡ್ ಅಕೌಂಟ್ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992 ಯೂರೋ ಕೈಗೆ ಬರುತ್ತದೆ. ಆದರೆ ಅದು ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ ಬರುವ ಹಣ. ಮೊದಲ ಕೆಲವು ವಾರದ ಖರ್ಚಿಗೆ ಬೇರೆ ವ್ಯವಸ್ಥೆ ಬೇಕು, ಅದನ್ನು ಕೆಳಗೆ ಹೇಳುತ್ತೇನೆ.

ರೂಮಿನ ಒಪ್ಪಂದ ಯಾಕೆ ಅಂದರೆ, ಮನೆಗೆ ಹೋಗಿ ಸೇರಿದ ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆನ್‌ಮೆಲ್ಡುಂಗ್ ಅನ್ನುತ್ತಾರೆ. ಇದಕ್ಕೆ ಮನೆ ಕೊಟ್ಟವರ ಸಹಿ ಇರುವ ಒಂದು ಪತ್ರ ಬೇಕು, ಬರೀ ಒಪ್ಪಂದ ಸಾಲದು, ಹೊರಡುವ ಮೊದಲೇ ಮೇಲ್ ಬರೆದು ಕೇಳಿಬಿಡಿ.

ಎಲ್ಲದರ ಎರಡು ಝೆರಾಕ್ಸ್ ಸೆಟ್ ಮಾಡಿಸಿ. ಒಂದು ಸೂಟ್‌ಕೇಸ್‌ಗೆ, ಒಂದು ಮನೆಯಲ್ಲಿ ಅಪ್ಪನ ಕಪಾಟಿಗೆ. ಸ್ಕ್ಯಾನ್ ಮಾಡಿ ನಿಮ್ಮ ಮೇಲ್‌ಗೂ ಅಪ್ಪನ ಮೇಲ್‌ಗೂ ಕಳಿಸಿ.

ಊಟದ ವಿಷಯ

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅರ್ಧ ಬ್ಯಾಗ್ ತುಂಬುವುದೇ ಇದರಿಂದ, ನಿಯಮ ಮುರಿಯುವುದೂ ಇಲ್ಲೇ.

ಯುರೋಪಿಯನ್ ಒಕ್ಕೂಟದೊಳಗೆ ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಸ್ವಲ್ಪ ಅಂತ ಕೂಡ ಇಲ್ಲ. ಅಂದರೆ ಮನೆಯ ತುಪ್ಪ ಬೇಡ. ಮತ್ತು, ಹೇಳಲು ಬೇಜಾರಾಗುತ್ತದೆ, ಧಾರವಾಡ ಪೇಢೆ ಕೂಡ ಬೇಡ. ಪೇಢೆ ಅಂದರೆ ಹಾಲನ್ನೇ ಕಾಯಿಸಿ ಹುರಿದು ಮಾಡಿದ್ದು ಅಲ್ವಾ, ಕಸ್ಟಮ್ಸ್‌ನವರು ಹಿಡಿದರೆ ನಿಮ್ಮ ಕಣ್ಣೆದುರೇ ಕಸಕ್ಕೆ ಹೋಗುತ್ತದೆ. ಲೈನ್ ಬಜಾರಿನಿಂದ ಬಾಕ್ಸ್ ತಂದು ಹೊರಡುವ ದಿನ ಮನೆಮಂದಿ ಜೊತೆ ತಿನ್ನಿ, ಬೆಂಗಳೂರಿನಲ್ಲಿ ಬೀಳ್ಕೊಡಲು ಬಂದ ಗೆಳೆಯರಿಗೆ ಕೊಡಿ. ಸಿಹಿ ಬೇಕೇ ಬೇಕಾದರೆ ಶೇಂಗಾ ಉಂಡಿ, ಎಳ್ಳುಂಡಿ ಒಯ್ಯಿರಿ. ತುಪ್ಪ ಹಾಕದೆ ಬರೀ ಬೆಲ್ಲದಲ್ಲಿ ಕಟ್ಟಿಸಿ. ತುಪ್ಪಕ್ಕೆ ಚಿಂತೆ ಇಲ್ಲ, ಜರ್ಮನಿಯಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕ್‌ನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿ ನೀವೇ ತುಪ್ಪ ಮಾಡಿಕೊಳ್ಳಿ. ಮೊದಲ ಸಲ ಮಾಡಿದಾಗ ಆ ವಾಸನೆಗೆ ನಮ್ಮ ಹಾಸ್ಟೆಲಿನ ಅಡುಗೆಮನೆಗೆ ಮೂರು ಜನ ಬಂದು ಏನದು ಅಂತ ಕೇಳಿದ್ದರು.

ಹಸಿ ಕರಿಬೇವು, ಹಸಿ ಮೆಣಸಿನಕಾಯಿ, ಲಿಂಬೆಹಣ್ಣು ಕೂಡ ಸುಮ್ನೆ ಇಡಬೇಡಿ. ಗಿಡದ ಹಸಿ ಭಾಗಗಳಿಗೆ ಅಲ್ಲಿ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ. ಒಣಕೊಬ್ಬರಿ ಗಿಟುಕವನ್ನು ಯಾವ ಬ್ಯಾಗ್‌ನಲ್ಲೂ ಇಡಬೇಡಿ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹೊತ್ತಿಕೊಳ್ಳಬಹುದು ಅಂತ ವಿಮಾನಕ್ಕೆ ಬಿಡುವುದಿಲ್ಲ. ದುಬೈ ಅಥವಾ ಅಬುಧಾಬಿ ಮೇಲಿಂದ ಹೋಗುವವರು ಗಸಗಸೆಯನ್ನು ಮುಟ್ಟಲೇಬೇಡಿ, ಯುಎಇಯಲ್ಲಿ ಅದು ಮಾದಕವಸ್ತುವಿನ ಕಾನೂನಿನೊಳಗೆ ಬರುತ್ತದೆ. ನಮ್ಮ ಕಡೆ ಮಸಾಲಿ ಖಾರಕ್ಕೆ ಗಸಗಸೆ ಹುರಿದು ಹಾಕುವ ಮನೆಗಳಿವೆ. ಹಾಗಾಗಿ ಖಾರ ಕುಟ್ಟಿಸುವ ಮೊದಲೇ ಅವ್ವನಿಗೆ ಹೇಳಿ.

ಹಾಗಾದರೆ ಏನು ಒಯ್ಯಬೇಕು? ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮಸಾಲಿ ಖಾರ, ಬ್ಯಾಡಗಿ ಮೆಣಸಿನಕಾಯಿ ಪುಡಿ. ಅಷ್ಟೇ. ಅಕ್ಕಿ, ತೊಗರಿಬೇಳೆ, ಗೋಧಿಹಿಟ್ಟು, ಸಾಸಿವೆ, ಜೀರಿಗೆ, ಅರಿಶಿನ ಎಲ್ಲವೂ ಅಲ್ಲಿಯ ಇಂಡಿಯನ್ ಅಥವಾ ಏಷ್ಯನ್ ಅಂಗಡಿಯಲ್ಲಿ ಸಿಗುತ್ತವೆ. ಆ ಪುಡಿಗಳು ಮಾತ್ರ ನಮ್ಮ ಮನೆಯ ಕೈರುಚಿಯಲ್ಲಿ ಎಲ್ಲೂ ಸಿಗುವುದಿಲ್ಲ. ಬ್ಯಾಡಗಿಯದ್ದು ಬಣ್ಣ ಕೊಡುತ್ತದೆ, ಬಾಯಿ ಸುಡುವುದಿಲ್ಲ. ಬೇರೆ ದೇಶದ ರೂಮ್‌ಮೇಟ್‌ಗೆ ಪಲ್ಯ ಮಾಡಿ ಬಡಿಸಲು ಅದೇ ಸರಿ.

ಒಂದೊಂದು ಚಟ್ನಿ ಕಾಲು ಕೆಜಿ ಸಾಕು. ಎರಡು ಕೆಜಿ ಶೇಂಗಾ ಚಟ್ನಿ ಒಯ್ದವರ ಅರ್ಧ ಚಟ್ನಿ ಮಾರ್ಚ್ ಹೊತ್ತಿಗೆ ಕಮಟು ಹಿಡಿದದ್ದನ್ನು ನೋಡಿದ್ದೇನೆ. ಶೇಂಗಾದ ಎಣ್ಣೆ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬರುತ್ತದೆ, ಅದಕ್ಕೇ ಎರಡು ಪದರ ಹಾಕಿ. ದುರ್ಗದಬೈಲಿನ ಸುತ್ತ ಖಾರ-ಚಟ್ನಿ ಮಾರುವ ಅಂಗಡಿಗಳಲ್ಲಿ ಕೇಳಿದರೆ ಮಷಿನ್‌ನಲ್ಲಿ ಸೀಲ್ ಮಾಡಿಕೊಡುವವರು ಸಿಗುತ್ತಾರೆ. ಪ್ರತಿ ಪ್ಯಾಕೆಟ್ ಮೇಲೆ ಇಂಗ್ಲಿಷ್‌ನಲ್ಲಿ ಏನದು, ಏನೇನು ಹಾಕಿದೆ ಅಂತ ಚೀಟಿ ಅಂಟಿಸಿ. ಹೆಸರಿಲ್ಲದ ಕೆಂಪು ಪುಡಿ ಕಂಡರೆ ಯಾವ ಅಧಿಕಾರಿಗಾದರೂ ಅನುಮಾನ ಬರುತ್ತದೆ.

ರೊಟ್ಟಿ ಮುರಿಯುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ರೊಟ್ಟಿಯಷ್ಟೇ ಅಗಲದ ಹಗುರ ಪ್ಲಾಸ್ಟಿಕ್ ಡಬ್ಬಿ ತಂದು, ಹಳೇ ಧೋತರದ ಬಟ್ಟೆಯಲ್ಲಿ ಸುತ್ತಿ ಅಡ್ಡಡ್ಡ ಇಟ್ಟು, ಮೇಲೆ ಉಳಿದ ಜಾಗಕ್ಕೆ ಒಂದು ಟವೆಲ್ ತುರುಕಿ. ಅಲ್ಲಾಡಬಾರದು, ಅಷ್ಟೇ ಗುಟ್ಟು. ಮುರಿದರೂ ಮುಟಗಿಗೆ ಆಗುತ್ತದೆ.

ಉಪ್ಪಿನಕಾಯಿಯನ್ನು ಕೈಬ್ಯಾಗ್‌ನಲ್ಲಿ ಇಡಬೇಡಿ, ಒಯ್ಯಲೇಬೇಕಾದರೆ ಎಣ್ಣೆ ಬಸಿದು ಸೂಟ್‌ಕೇಸ್‌ಗೆ ಹಾಕಿ. ನಾನಾದರೆ ಒಯ್ಯುವುದಿಲ್ಲ. ಒಂದು ಬಾಟಲಿ ಸೋರಿದರೆ ಸೆಮಿಸ್ಟರ್ ಪೂರ್ತಿ ಅಂಗಿ ಘಮಘಮ.

ಔಷಧಿ, ಕನ್ನಡಕ, ಹಲ್ಲು

ಹಲ್ಲು ನೋವು ಸ್ವಲ್ಪ ಇದ್ದರೂ ಇಲ್ಲೇ ತೋರಿಸಿ ಮುಗಿಸಿ. ಕನ್ನಡಕ ಹಾಕುವವರು ಇನ್ನೊಂದು ಜೊತೆ ಮಾಡಿಸಿ, ನಂಬರ್ ಚೀಟಿ ಫೈಲ್‌ನಲ್ಲಿ ಇರಲಿ.

ಔಷಧಿ ನಿಮ್ಮ ಸ್ವಂತ ಬಳಕೆಗೆ ಗರಿಷ್ಠ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಡಾಕ್ಟರ್ ಹತ್ತಿರ ಇಂಗ್ಲಿಷ್ ಚೀಟಿ ಬರೆಸಿಕೊಳ್ಳಿ, ಅದರಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಬೇಕು. ಇಲ್ಲಿಯ ಕಂಪನಿ ಹೆಸರು ಅಲ್ಲಿಯ ಡಾಕ್ಟರಿಗೆ ತಿಳಿಯುವುದಿಲ್ಲ. ಸ್ಟ್ರಿಪ್ ಕತ್ತರಿಸಿ ಬಿಡಿ ಮಾಡಬೇಡಿ. ಜ್ವರ, ನೆಗಡಿ, ಹೊಟ್ಟೆಗೆ ಸಾಮಾನ್ಯ ಮಾತ್ರೆ, ಓಆರ್‌ಎಸ್ ಇರಲಿ. ಆಂಟಿಬಯೋಟಿಕ್ ಅಲ್ಲಿ ಚೀಟಿ ಇಲ್ಲದೆ ಯಾವ ಅಂಗಡಿಯೂ ಕೊಡುವುದಿಲ್ಲ. ಹಾಗಂತ ಇಲ್ಲಿಂದ ಗಂಟು ಕಟ್ಟಿ ಒಯ್ದು ನಿಮ್ಮಷ್ಟಕ್ಕೆ ನುಂಗುವುದೂ ಸರಿಯಲ್ಲ, ಅದಕ್ಕೇ ವಿಮೆ ಇರುವುದು. ಕೊಲ್ಲಿ ದೇಶಗಳ ಮೇಲಿಂದ ಹೋಗುವವರು ಕೋಡೀನ್, ಟ್ರಮಾಡಾಲ್ ಇರುವ ಕೆಮ್ಮಿನ, ನೋವಿನ ಔಷಧಿ ಬಿಟ್ಟು ಹೋಗಿ. ಮನೆಯಲ್ಲಿ ಕುಟ್ಟಿದ ಹೆಸರಿಲ್ಲದ ಚೂರ್ಣವೂ ಬೇಡ.

ಬಟ್ಟೆ

ಅಕ್ಟೋಬರ್‌ನಲ್ಲಿ ಬೆಳಿಗ್ಗೆ 5-6 ಡಿಗ್ರಿ ಇರಬಹುದು. ಧಾರವಾಡದ ಡಿಸೆಂಬರ್ ಚಳಿ ಅದರ ಮುಂದೆ ಏನೂ ಅಲ್ಲ. ಆದರೂ ದಪ್ಪ ಜಾಕೆಟ್ ಇಲ್ಲಿ ಕೊಳ್ಳಬೇಡಿ. ಹಿಮ ಬೀಳುವುದು ಆಮೇಲೆ, ಅಷ್ಟರಲ್ಲಿ ಅಲ್ಲಿಯ ಅಂಗಡಿಗಳಲ್ಲಿ ಆ ಚಳಿಗೆಂದೇ ಮಾಡಿದ್ದು ಸಿಗುತ್ತದೆ, ಸೀನಿಯರ್‌ಗಳು ಬಿಟ್ಟು ಹೋದದ್ದೂ ಸಿಗುತ್ತದೆ. ಇಲ್ಲಿಂದ ಥರ್ಮಲ್ ಎರಡು ಜೊತೆ, ಒಂದು ಸ್ವೆಟರ್, ಮಳೆ-ಗಾಳಿ ತಡೆಯುವ ಟೋಪಿ ಇರುವ ಒಂದು ಜಾಕೆಟ್ ಸಾಕು. ಒಂದರ ಮೇಲೊಂದು ತೆಳುವಾಗಿ ಹಾಕಿಕೊಂಡರೆ ಒಂದೇ ದಪ್ಪ ಬಟ್ಟೆಗಿಂತ ಬೆಚ್ಚಗಿರುತ್ತದೆ. ಕ್ಲಾಸ್‌ರೂಮ್ ಒಳಗೆ ಹೀಟರ್ ಇರುವುದರಿಂದ ಬಿಚ್ಚಲೂ ಅನುಕೂಲ.

ಒಳಉಡುಪು ಮತ್ತು ಕಾಲುಚೀಲ ಮಾತ್ರ ಜಾಸ್ತಿ ಇರಲಿ, ಹದಿನೈದು ದಿನಕ್ಕಾಗುವಷ್ಟು. ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವ ಮಷಿನ್ ಎಲ್ಲರಿಗೂ ಸೇರಿ ಇರುತ್ತದೆ, ಪ್ರತಿ ಸಲ ದುಡ್ಡು ಹಾಕಬೇಕು. ಜೀನ್ಸ್ ಎರಡು ಸಾಕು, ಅದರ ತೂಕವೇ ಬಹಳ. ತೂಕದ ಬೂಟು, ಜಾಕೆಟ್ ಮೈಮೇಲೆ ಹಾಕಿಕೊಂಡೇ ವಿಮಾನ ಹತ್ತಿ. ಒಂದು ಜೊತೆ ಹಬ್ಬದ ಬಟ್ಟೆ ಇರಲಿ. ನೀವು ಹೋಗುವುದು ಅಕ್ಟೋಬರ್‌ಗೆ, ಬೆನ್ನಿಗೇ ದೀಪಾವಳಿ, ರಾಜ್ಯೋತ್ಸವ ಬರುತ್ತವೆ. ನಾನು ಒಯ್ದ ಒಂದೇ ಇಳಕಲ್ ಸೀರೆ ಎರಡು ವರ್ಷ ಎಲ್ಲ ಹಬ್ಬಕ್ಕೂ ಆಯಿತು.

ಅಡುಗೆ ಸಾಮಾನು ಮತ್ತು ಕರೆಂಟ್

ಒಂದು ಕುಕ್ಕರ್, 3 ಲೀಟರಿನದು. ಇಷ್ಟೇ ನಿಜವಾಗಿ ಬೇಕಾದದ್ದು. ಅಲ್ಲಿ ಗ್ಯಾಸ್ ಒಲೆ ಇರುವ ಹಾಸ್ಟೆಲ್ ಕಡಿಮೆ, ಕರೆಂಟಿನ ಒಲೆ ಅಥವಾ ಇಂಡಕ್ಷನ್ ಇರುತ್ತದೆ. ಸಾದಾ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕೆಲಸ ಮಾಡುವುದಿಲ್ಲ. ಹಾಗಾಗಿ ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ತನ್ನಿ. ಜೊತೆಗೆ ಒಂದು ಹೆಚ್ಚಿನ ರಬ್ಬರ್, ಸೀಟಿ, ಸೇಫ್ಟಿ ವಾಲ್ವ್. ಕುಕ್ಕರಿನ ಒಳಗಿನ ಜಾಗ ಖಾಲಿ ಬಿಡಬೇಡಿ, ಚಟ್ನಿ ಪ್ಯಾಕೆಟ್ ಅಲ್ಲೇ ಇಡಿ. ಅದನ್ನು ಸೂಟ್‌ಕೇಸ್‌ನಲ್ಲೇ ಹಾಕಿ, ಕೈಬ್ಯಾಗ್‌ನಲ್ಲಿಟ್ಟರೆ ಸೆಕ್ಯುರಿಟಿಯಲ್ಲಿ ತಡೆಯುತ್ತಾರೆ. ತವಾ, ಬಾಣಲೆ, ತಟ್ಟೆ ಯಾವುದೂ ಬೇಡ.

ಜರ್ಮನಿಯಲ್ಲೂ ನಮ್ಮ ಹಾಗೆಯೇ 230 ವೋಲ್ಟ್, 50 ಹರ್ಟ್ಸ್. ನಮ್ಮ ಉಪಕರಣಗಳು ಓಡುತ್ತವೆ, ಪ್ಲಗ್ ಮಾತ್ರ ಬೇರೆ. ಮೂರು ಕಡ್ಡಿಯ ಪ್ಲಗ್ ಹಿಡಿಯುವುದಿಲ್ಲ. ಒಂದು ಒಳ್ಳೆಯ ಅಡಾಪ್ಟರ್ ಮತ್ತು ಇಲ್ಲಿಯದೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಒಯ್ದರೆ ಲ್ಯಾಪ್‌ಟಾಪ್, ಫೋನ್ ಎಲ್ಲ ಒಂದರಿಂದಲೇ ನಡೆಯುತ್ತವೆ. ಅದರಲ್ಲಿ ಹೀಟರ್, ಕೆಟಲ್ ಹಾಕಬೇಡಿ, ಅಡಾಪ್ಟರ್ ಕಾಯುತ್ತದೆ. ಪವರ್ ಬ್ಯಾಂಕ್ ಕೈಬ್ಯಾಗ್‌ನಲ್ಲೇ ಇರಬೇಕು, 100 ವಾಟ್-ಅವರ್ ಮೀರಬಾರದು. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದ್ದು ಸುಮಾರು 74, ಅದು ನಡೆಯುತ್ತದೆ.

ಫೋನ್ ಮತ್ತು ದುಡ್ಡು

ಇದನ್ನು ಪ್ಯಾಕಿಂಗ್ ಅಂತ ಯಾರೂ ಎಣಿಸುವುದಿಲ್ಲ. ಆದರೆ ನನ್ನ ಗುರುತಿನವರಲ್ಲಿ ಮೊದಲ ವಾರ ಕಷ್ಟಪಟ್ಟವರು ಜಾಸ್ತಿ ಇದರಿಂದಲೇ. ನಮ್ಮ ಬ್ಯಾಂಕಿನ ಓಟಿಪಿ ನಮ್ಮ ಸಿಮ್‌ಗೇ ಬರುತ್ತದೆ. ಹೊರಡುವ ವಾರ ಮೊದಲೇ ಆ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಸಣ್ಣ ರೀಚಾರ್ಜ್ ಮುಂದುವರಿಸಲು ಮನೆಯವರಿಗೆ ಹೇಳಿ. ಎರಡು ಸಿಮ್ ಹಿಡಿಯುವ ಫೋನ್ ಇರಲಿ. ಫೋರೆಕ್ಸ್ ಕಾರ್ಡ್‌ನಲ್ಲಿ ಮೊದಲ ಒಂದು-ಎರಡು ತಿಂಗಳ ಖರ್ಚು ಹಾಕಿ, ಜೊತೆಗೆ ಕೈಯಲ್ಲಿ ಸ್ವಲ್ಪ ಯೂರೋ ನೋಟು, 5, 10, 20ರವು. 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚು ನಗದು ಇದ್ದರೆ ಅಲ್ಲಿ ಘೋಷಿಸಬೇಕು, ಅಷ್ಟು ಒಯ್ಯುವ ಅಗತ್ಯ ಯಾರಿಗೂ ಇಲ್ಲ ಬಿಡಿ.

ಮೊದಲ ಎರಡು ದಿನದ ಚೀಲ

ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಕೆಲವು ಬಿಟ್ಟರೆ ದಿನಸಿ ಅಂಗಡಿಯೂ ಇಲ್ಲ. ಅಕ್ಟೋಬರ್ 3 ಅಲ್ಲಿಯ ರಾಷ್ಟ್ರೀಯ ರಜೆ, ಅವತ್ತೂ ಹೀಗೇ. ನಾನು ಶನಿವಾರ ರಾತ್ರಿ ರೂಮಿಗೆ ಮುಟ್ಟಿದೆ. ಒಂದು ಮಂಚ, ಒಂದು ಹಾಸಿಗೆ, ಅದರ ಮೇಲೆ ಚಾದರ ಕೂಡ ಇಲ್ಲ. ಭಾನುವಾರ ಇಡೀ ದಿನ ಕಳೆದದ್ದು ರೊಟ್ಟಿ, ಚಟ್ನಿ, ನಲ್ಲಿ ನೀರಿನ ಮೇಲೆ. ನಲ್ಲಿ ನೀರು ಅಲ್ಲಿ ಧಾರಾಳವಾಗಿ ಕುಡಿಯಬಹುದು.

ಆದ್ದರಿಂದ ಒಂದು ಬಟ್ಟೆ ಚೀಲವನ್ನು ಬೇರೆಯೇ ಕಟ್ಟಿ, ಸೂಟ್‌ಕೇಸ್‌ನ ಎಲ್ಲಕ್ಕಿಂತ ಮೇಲೆ ಇಡಿ. ಚಾದರ, ಟವೆಲ್, ಸಾಬೂನು, ಚಪ್ಪಲಿ, ಒಂದು ಲೋಟ, ಚಮಚ, ಚಹಾಪುಡಿ, ಅವಲಕ್ಕಿ, ಮತ್ತು ಬಚ್ಚಲಿಗೆ ಒಂದು ಪ್ಲಾಸ್ಟಿಕ್ ಮಗ್, ಅಲ್ಲಿಯ ಶೌಚಾಲಯದಲ್ಲಿ ನೀರಿನ ವ್ಯವಸ್ಥೆ ಇರುವುದಿಲ್ಲ. ಅಡಾಪ್ಟರ್, ಚಾರ್ಜರ್, ಒಂದು ಜೊತೆ ಬಟ್ಟೆ ಮಾತ್ರ ಕೈಬ್ಯಾಗ್‌ಗೆ, ಸೂಟ್‌ಕೇಸ್ ತಡವಾಗಿ ಬಂದರೂ ನಡೆಯುತ್ತದೆ.

ತುಂಬುವುದು, ತೂಗುವುದು, ತೆಗೆಯುವುದು

ಹೊರಡುವ ಹತ್ತು ದಿನ ಮೊದಲೇ ಒಂದು ಸಲ ಪೂರ್ತಿ ತುಂಬಿ ನೋಡಿ. ಭಾರದ್ದು ಚಕ್ರದ ಕಡೆ ಬರಲಿ. ಬಟ್ಟೆ ಸುರುಳಿ ಸುತ್ತಿ. ಬೇಗ ಬೇಕಾದದ್ದು ಎರಡೂ ಬ್ಯಾಗ್‌ಗೆ ಹಂಚಿ, ಒಂದು ಕಳೆದರೂ ಇನ್ನೊಂದರಲ್ಲಿ ಬಟ್ಟೆ ಇರುತ್ತದೆ. ತೂಗುಹಾಕಿ ನೋಡುವ ಸಣ್ಣ ತಕ್ಕಡಿ ಕೊಳ್ಳಿ. ಅದರಲ್ಲಿ 22 ಬಂದರೆ ನಿಲ್ಲಿಸಿ, ಏರ್‌ಪೋರ್ಟಿನ ತಕ್ಕಡಿ ನಿಮ್ಮದಕ್ಕಿಂತ ಅರ್ಧ ಕೆಜಿ ಜಾಸ್ತಿ ತೋರಿಸಬಹುದು. ಕೈಬ್ಯಾಗ್‌ನಲ್ಲಿ ಶಾಂಪೂ, ಎಣ್ಣೆ, ಕ್ರೀಮ್ ಒಂದೊಂದೂ 100 ಮಿಲಿ ಒಳಗೆ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ.

ಈಗ ಮೆಟ್ಟಿಲಿನ ಪರೀಕ್ಷೆ. ಮನೆಯಲ್ಲಿ ಮಹಡಿ ಇದ್ದರೆ ಸರಿ, ಇಲ್ಲವೆಂದರೆ ಗೆಳೆಯರ ಅಪಾರ್ಟ್‌ಮೆಂಟ್‌ಗೆ ಹೋಗಿ. ಎರಡೂ ಬ್ಯಾಗ್, ಬೆನ್ನಿನ ಬ್ಯಾಗ್ ಸಮೇತ, ಯಾರ ಕೈಯೂ ಹಚ್ಚದೆ ಎರಡು ಮಹಡಿ ಹತ್ತಿ. ಆಗಲಿಲ್ಲವೆಂದರೆ ಇಳಿದು ಬಂದು ತೆಗೆಯಲು ಶುರು ಮಾಡಿ. ಮೊದಲು ಅಕ್ಕಿ-ಬೇಳೆ ತೆಗೆಯಿರಿ. ಆಮೇಲೆ ಪುಸ್ತಕ. ಆಮೇಲೆ ಮೂರನೇ ಜೀನ್ಸ್. ತಮ್ಮ ಮೊದಲ ಸಲ ಒಂದೇ ಮಹಡಿಗೆ ನಿಂತ. ಏಳು ಕೆಜಿ ತೆಗೆದ ಮೇಲೆ ಹತ್ತಿದ. ಕಾಕು ಸ್ವಲ್ಪ ಕಣ್ಣೀರು ಹಾಕಿದರು, ಆಮೇಲೆ ತಾವೇ ಕೂತು ಡಬ್ಬಿ ಸಣ್ಣದು ಮಾಡಿದರು.

ಮುಚ್ಚುವ ಮೊದಲು ತೆರೆದ ಬ್ಯಾಗ್‌ನ ಫೋಟೊ, ಮುಚ್ಚಿದ ಮೇಲೆ ಹೊರಗಿನ ಫೋಟೊ ತೆಗೆಯಿರಿ. ಬ್ಯಾಗ್ ಕಳೆದರೆ ಒಳಗೆ ಏನಿತ್ತು, ನೋಡಲು ಹೇಗಿತ್ತು ಅಂತ ಹೇಳಲು ಬೇಕಾಗುತ್ತದೆ. ನಿಮ್ಮ ಹೆಸರು, ಮೇಲ್, ಅಲ್ಲಿಯ ವಿಳಾಸ ಬರೆದ ಚೀಟಿ ಒಳಗೂ ಒಂದು, ಹೊರಗೂ ಒಂದು.

ಬೇರೆ ದೇಶಕ್ಕೆ ಹೊರಟವರಿಗೆ

ಐರ್ಲೆಂಡ್‌ಗೂ ಇದೇ ಯುರೋಪಿಯನ್ ಒಕ್ಕೂಟದ ಆಹಾರ ನಿಯಮ, ಆದರೆ ಪ್ಲಗ್ ಬ್ರಿಟನ್ನಿನ ಹಾಗೆ ಮೂರು ಚೌಕ ಕಡ್ಡಿಯದು. ಅಮೆರಿಕದಲ್ಲಿ 120 ವೋಲ್ಟ್, ಇಲ್ಲಿಯ ಮಿಕ್ಸರ್ ಅಲ್ಲಿ ಓಡುವುದಿಲ್ಲ, ಲ್ಯಾಪ್‌ಟಾಪ್ ಚಾರ್ಜರ್ ಓಡುತ್ತದೆ. ಆಸ್ಟ್ರೇಲಿಯಾದಲ್ಲಿ ತಿನ್ನುವ ಯಾವುದೇ ಪದಾರ್ಥ ಇದ್ದರೂ ಕಾರ್ಡ್‌ನಲ್ಲಿ ಬರೆದು ತೋರಿಸಬೇಕು, ಮುಚ್ಚಿಟ್ಟರೆ ದೊಡ್ಡ ದಂಡ.

ಮನೆಯಲ್ಲಿ ಬಿಡುವ ಚೀಲ

ತೆಗೆದದ್ದನ್ನೆಲ್ಲ ಮತ್ತೆ ಕಪಾಟಿಗೆ ಹಾಕಬೇಡಿ. ಒಂದು ಚೀಲದಲ್ಲಿ ಕಟ್ಟಿ, ಏನೇನಿದೆ ಅಂತ ಬರೆದು ಇಡಿ. ಡಿಸೆಂಬರ್ ರಜೆಗೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಗೆ ಬಂದು ಹೋಗುವ ಹುಡುಗರು ನಿಮ್ಮ ಯೂನಿವರ್ಸಿಟಿಯಲ್ಲೇ ಸಿಗುತ್ತಾರೆ. ಅವರ ಹತ್ತಿರ ಎರಡು ಕೆಜಿ ಜಾಗ ಕೇಳಬಹುದು, ಒಳಗೆ ಏನಿದೆ ಅಂತ ತೆರೆದು ತೋರಿಸಿ ಕೊಡಬೇಕು.

ನಾನು ಕೊನೆಯ ರಾತ್ರಿ ಆಯಿ ಹೊಲಿದುಕೊಟ್ಟ ಕೌದಿ ತೆಗೆದು ಮೂರು ಕೆಜಿ ಅಕ್ಕಿ ಇಟ್ಟಿದ್ದೆ. ಅಕ್ಕಿ ನಮ್ಮ ಹಾಸ್ಟೆಲಿನ ಎದುರು ಅಂಗಡಿಯಲ್ಲೇ ಇತ್ತು. ಕೌದಿಯನ್ನು ಜನವರಿಯಲ್ಲಿ ಗದಗಿನ ಒಬ್ಬ ಹುಡುಗ ತಂದುಕೊಟ್ಟ. ಆಯಿಯ ಹಳೇ ಸೀರೆಗಳದ್ದೇ ಪದರ, ಇನ್ನೂ ನಮ್ಮ ಮನೆಯ ಟ್ರಂಕಿನ ವಾಸನೆ ಇತ್ತು. ತಮ್ಮನ ಬ್ಯಾಗ್‌ನಲ್ಲಿ ಈ ಸಲ ಅಕ್ಕಿ ಇಲ್ಲ, ಕುಕ್ಕರಿನ ಸುತ್ತ ಒಂದು ಸಣ್ಣ ಕೌದಿ ಸುತ್ತಿದ್ದೇವೆ. ಮೊನ್ನೆ ರಾತ್ರಿ ತೂಗಿದಾಗ ಎರಡೂ ಬ್ಯಾಗ್ 22ರ ಒಳಗೇ ಇದ್ದವು.